ಬ್ರಿಗೇಡಿಯರ್ ಆಗದ ರುದ್ರಸ್ವಾಮಿ

ದೆಹಲಿಯಲ್ಲಿ ಸರ್ಕಾರ ಬಿದ್ದ ಮರುದಿನವೇ ಯಾದವಗಿರಿಯ ನಿವೃತ್ತ ಕರ್ನಲ್ ರುದ್ರಸ್ವಾಮಿಯವರು ಲಷ್ಕರ್ ಮೊಹಲ್ಲಾದ ನನ್ನ ಟೈಪಿಂಗ್ ಅಂಗಡಿಗೆ ಹಾಜರು. ತೊಂಬತ್ತಾರರಿಂದೀಚೆಗಂತೂ ವರ್ಷಕ್ಕೊಂದು ಸರ್ಕಾರ ಬೀಳುತ್ತಿದೆ. ನನ್ನ ಬೆರಳುಗಳಿಗೆ ಬಿಡುವಿಲ್ಲ. ಬ್ರಿಗೇಡಿಯರ್ ಬಡ್ತಿ ತಪ್ಪಿಸಿ ತಮ್ಮನ್ನು ಎರಡು ವರ್ಷ ಮೊದಲೇ ಮನೆಗೆ ಕಳಿಸಿದ ಅನ್ಯಾಯವನ್ನು ಹೊಸ ಪ್ರಧಾನಿಗೆ ಅದೇ ಹನ್ನೊಂದು ಪುಟಗಳಲ್ಲಿ ಬಿನ್ನವಿಸಬೇಕು. "ಹಳೇದನ್ನೇ ಜೆರಾಕ್ಸ್ ಮಾಡಿಸ್ಬುಡಿ ಸಾರ್" ಎಂದರೆ, "ಪ್ರಧಾನಿಗೆ ಯಾರಾದ್ರೂ ಜೆರಾಕ್ಸ್ ಕಳಿಸ್ತಾರೇನ್ರೀ?" ಎಂದು ಗದರುತ್ತಾರೆ. ಒಂದು ಅಲ್ಪವಿರಾಮ ತಪ್ಪಿದರೂ ಪುಟವನ್ನೇ ಹರಿದುಹಾಕುತ್ತಾರೆ. ಮೊನ್ನೆ ನನಗೆ ರೇಗಿಹೋಗಿ, ಇವರ ಆಸೆಯನ್ನು ನಾನೇ ತೀರಿಸಿಬಿಡೋಣವೆಂದು, ಸಹಿಯ ಕೆಳಗೆ 'ಬ್ರಿಗೇಡಿಯರ್ ರುದ್ರಸ್ವಾಮಿ' ಎಂದು ಟೈಪ್ ಮಾಡಿದೆ. ಆ ಸಾಲನ್ನು ಅವರು ಬಹಳ ಹೊತ್ತು ನೋಡಿದರು. ಹರಿಯಲಿಲ್ಲ. ಪುಟವನ್ನು ಮಡಚಿ ಎದೆಯ ಜೇಬಿಗಿಟ್ಟುಕೊಂಡು, "ಇನ್ನೂ ಕೊಟ್ಟಿಲ್ಲ ಕಣ್ರೀ, ಕರ್ನಲ್ ಅಂತ್ಲೇ ಇನ್ನೊಂದು ಹೊಡೀರಿ" ಎಂದರು.