ಅಕ್ಕನ ಚರಗಕ್ಕೆ ಎತ್ತರಿಸಿದ ಜೀಪು

ನಮ್ಮಕ್ಕ ಒಂದು ಮಾತು ಆಡಿದಳೆಂದರೆ ಮುಗಿಯಿತು, ಬ್ರಹ್ಮ ಬಂದರೂ ಹಿಂದಕ್ಕೆ ತೆಗೆದುಕೊಳ್ಳುವವಳಲ್ಲ. ಅವಳ ಅಂಥದೊಂದು ಮಾತು ಹೋದ ದಸರೆಯಿಂದ ಎಳ್ಳಮಾವಾಸ್ಯೆಯವರೆಗೆ ನನ್ನನ್ನು ಅಂಡು ಸುಟ್ಟ ಬೆಕ್ಕಿನಂತೆ ತಿರುಗಾಡಿಸಿತು.

"ಈ ಎಳ್ಳಮಾಸಿಗಿ ನನ್ನ ಕೈಲೆ ಚರಗಾ ಚೆಲ್ಲಾಕ ಆಗ್ಲಿಲ್ಲಂದ್ರ ಹೊಲ ಮೈದುನಗ ಬಿಟ್ಟುಬಿಡ್ತೀನಿ. ಹೋಗಲಾರದ ಹೊಲಕ್ಕ ನಾ ಎಂಥಾ ಮಾಲಕಿ?" ಅಂದಿದ್ದಳು.

ಅಕ್ಕ ಇರುವುದು ದೇವದುರ್ಗದಾಚೆಯ ಒಂದು ಹಳ್ಳಿಯಲ್ಲಿ. ಭಾವ ತೀರಿಕೊಂಡ ಮೇಲೆ ಆ ಎರೆಹೊಲದಲ್ಲಿ ಬಿಳಿಜೋಳ ಬಿತ್ತಿ ಬೆಳೆದವಳು ಅವಳೇ. ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿಯಿತು, ರಾಯಚೂರಿನಲ್ಲಿ ಸ್ಟೀಲಿನ ಗುಂಡು ಕೂರಿಸಿದರು. ಕೋಲು ಹಿಡಿದು ಮನೆಯಲ್ಲಿ ಓಡಾಡುತ್ತಾಳೆ. ಆದರೆ ಕುಲುಕಾಟ ಕೂಡದು ಎಂದು ಡಾಕ್ಟರು ಹೇಳಿದ್ದಾರೆ. ಹೊಲವೋ ಹಳ್ಳ ದಾಟಿ ಹೋಗಬೇಕು. ಕಾಲುವೆ ನೀರು ಬಂದ ಮೇಲೆ ಅವಳ ಹೊಲದ ಸುತ್ತ ಎಲ್ಲರೂ ಭತ್ತಕ್ಕೆ ಬಿದ್ದರು. ಆ ಗದ್ದೆಗಳ ನೀರು ಬಂಡಿದಾರಿಗೆ ಬಸಿದು ಬೇಸಿಗೆಯಲ್ಲೂ ಅಲ್ಲಿ ಕೆಸರೇ. ಟ್ರ್ಯಾಕ್ಟರು ಹೋಗುತ್ತದೆ ನಿಜ, ಆದರೆ ಅದರ ಹಿಂದಿನ ಟ್ರಾಲಿಯಲ್ಲಿ ಕೂತರೆ ಗಟ್ಟಿಮುಟ್ಟಾದವರ ಕೀಲುಗಳೇ ಕಳಚುತ್ತವೆ.

ಮೈದುನ ಕೆಟ್ಟವನಲ್ಲ. ಅತ್ತಿಗೆಯ ಹೊಲ ಸಿಕ್ಕರೆ ಮಟ್ಟ ಮಾಡಿ, ಒಡ್ಡು ಒಡೆದು, ತನ್ನ ಗದ್ದೆಯೊಳಗೆ ಸೇರಿಸಿ ಭತ್ತ ಹಚ್ಚುತ್ತಾನೆ, ಅಷ್ಟೇ. "ಕುರ್ಚಿ ಮ್ಯಾಲ ಕುಂದ್ರಿಸಿ ನಾಕು ಮಂದಿ ಹೊತ್ಕೊಂಡು ಹೊಕ್ಕೀವಿ ಬರ್ರಿ ವೈನಿ" ಎಂದು ಅವನೇ ಮನಸ್ಸಿಟ್ಟು ಹೇಳಿದ. ಅಕ್ಕ ಅವನನ್ನು ದಿಟ್ಟಿಸಿ ನೋಡಿ, "ನಾಕು ಮಂದಿ ಹೊತ್ಕೊಂಡು ಹೋಗೂದು ಒಮ್ಮೆನ. ಆ ದಿನ ಇನ್ನಾ ಬಂದಿಲ್ಲ" ಅಂದಳು.

ಚರಗವೆಂದರೆ ನಮ್ಮ ಕಡೆ ಹೊಲಕ್ಕೆ ಮಾಡುವ ಸೀಮಂತ. ತೆನೆ ಕಟ್ಟಿದ ಹೊಲ ಬಸುರಿ, ಅವಳಿಗೆ ಬಯಕೆಯ ಊಟವನ್ನು ಹೊಲದ ತುಂಬ ಚೆಲ್ಲಿ ಬಡಿಸಬೇಕು. ಬೇರೆ ಯಾರೋ ಬಡಿಸಿದರೆ ಆಯಿತಲ್ಲ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಕೇಳುವ ಮನಸ್ಸೂ ಇರಲಿಲ್ಲ. ಆ ಹೊಲ ಹೋದರೆ ಅಕ್ಕ ಮೂಲೆ ಹಿಡಿಯುತ್ತಾಳೆಂದು ನನಗೆ ಹೆದರಿಕೆ.

ನಾನಿರುವುದು ರಾಯಚೂರಿನಲ್ಲಿ. ಮಾನ್ವಿಯಲ್ಲಿ ನಮ್ಮದೊಂದು ರೈಸ್ ಮಿಲ್ ಇದೆ, ಅದರ ಓಡಾಟ ನನ್ನದೇ. ಮಿಲ್ಲಿನ ಹಿಂದೆ ಹಳೆಯ ಜೀಪೊಂದು ಗುಜರಿಯವನ ದಾರಿ ಕಾಯುತ್ತ ನಿಂತಿತ್ತು. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋಗುವ ಗಾಡಿ. ಅದನ್ನು ಎತ್ತರಿಸಿ ಕೆಸರಿಗೆ ತಯಾರು ಮಾಡುತ್ತೇನೆ ಅಂದೆ. "ನಿನಗ ಹುಚ್ಚು ಹಿಡದದ" ಎಂದು ನಮ್ಮ ಮನೆಯ ಯಜಮಾನರು ಪೇಪರಿನಿಂದ ತಲೆ ಎತ್ತದೆ ಕೀಲಿ ಕೊಟ್ಟರು.

ಹೈದರಾಬಾದ್ ರಸ್ತೆಯ ಕಡೆ ಒಬ್ಬ ಮಿಸ್ತ್ರಿ ಇದ್ದ. ಬಂಡೆ ಹತ್ತುವ ಗಾಡಿಗಳ ವಿಡಿಯೊ ನೋಡಿ ನೋಡಿ ಅವನಿಗೆ ಇಂಥದೊಂದು ಕೆಲಸ ಬೇಕೇ ಬೇಕಿತ್ತು. ಕುಣಿಯುವವಳ ಕಾಲಿಗೆ ಗೆಜ್ಜೆ ಕಟ್ಟಿದ ಹಾಗಾಯಿತು. ಸ್ಪ್ರಿಂಗಿನ ಕಮಾನು ಪಟ್ಟಿಗಳನ್ನು ಬದಲಿಸಿದ, ಮೇಲೊಂದು ಪಟ್ಟಿ ಸೇರಿಸಿದ, ಗುಡ್ಡದಂಥ ಟೈರು ಹಾಕಿದ, ಟೈರಿಗೆ ಅಡ್ಡ ಬಂದ ಮಡ್‌ಗಾರ್ಡ್ ಕತ್ತರಿಸಿದ. ಪ್ರತಿ ಸಲ ಹೋದಾಗಲೂ ಜೀಪು ಇನ್ನಷ್ಟು ಬೆಳೆದಿರುತ್ತಿತ್ತು.

"ಇನ್ನೊಂದೀಟು ಎತ್ತೂಣ್ರಿ ಅಕ್ಕಾರ, ಹಳ್ಳದಾಗಿನ ಕಲ್ಲು ಹೊಟ್ಟಿಗಿ ಬಡೀಬಾರದು. ಫಿಕರ್ ಮಾಡಬ್ಯಾಡ್ರಿ" ಅನ್ನುತ್ತಿದ್ದ.

ಫಿಕರ್ ಮಾಡಬೇಡ ಎಂದು ಯಾರಾದರೂ ಹೇಳಿದರೆ ನನಗೆ ಅಲ್ಲಿಂದಲೇ ಶುರು. ಎತ್ತರಿಸಿದ ಮೇಲೆ ಬ್ರೇಕಿನ ಪೈಪು ಸಾಲದೆ ತಂತಿಯ ಹಾಗೆ ಬಿಗಿಯಿತು, ಅದನ್ನು ಉದ್ದ ಮಾಡಿಸಿದ್ದಾಯಿತು. ಸ್ಟೇರಿಂಗು ಕುಡಿದವನಂತೆ ಎಡಕ್ಕೂ ಬಲಕ್ಕೂ ಎಳೆಯಿತು. ಬಿಚ್ಚಿದರು, ಕಟ್ಟಿದರು, ಮತ್ತೆ ಬಿಚ್ಚಿದರು. ನಾನು ಸ್ಟೂಲಿನ ಮೇಲೆ ಕೂರುವುದು, ಏಳುವುದು, ತಣ್ಣಗಾದ ಚಹಾ ಚೆಲ್ಲುವುದು. ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಯ ಕರಿ ಗುಂಡು ಹತ್ತಿರವಾಗುತ್ತಿತ್ತು. ಮನೆಯಲ್ಲಿ ಸಾರಿಗೆ ಎರಡು ಸಲ ಉಪ್ಪು ಬಿದ್ದು ಯಜಮಾನರು ಹೋಟೆಲಿನ ಇಡ್ಲಿಗೆ ಶರಣಾದರು.

ಪರೀಕ್ಷೆ ನಡೆದದ್ದು ಮಾನ್ವಿಯಲ್ಲಿ. ಅಕ್ಕನ ಬದಲಿಗೆ ಏನನ್ನು ಕೂರಿಸಬೇಕು? ಮಿಲ್ಲಿನವರಿಗೆ ಇದೂ ಒಂದು ಪ್ರಶ್ನೆಯೇ! ಅಕ್ಕನ ತೂಕದಷ್ಟು ಭತ್ತ ತುಂಬಿ ಚೀಲ ಹೊಲಿದೆವು. ಹಮಾಲ ಅದನ್ನು ಬೆನ್ನ ಮೇಲೆ ತಂದು ಒಂದೇ ಏಟಿಗೆ ಎಡಗಡೆಯ ಸೀಟಿನಲ್ಲಿ ಕೂರಿಸಿದ. ನಾನು ಬೆಲ್ಟು ಬಿಗಿದೆ. ಕುಲುಕಾಟ ಎಷ್ಟೆಂದು ತಿಳಿಯಲು ಚೀಲದ ಮುಂದೆ ಒಂದು ತಂಬಿಗೆ ಮಜ್ಜಿಗೆ ಇಟ್ಟು ಹಗ್ಗದಿಂದ ಕಟ್ಟಿ, ಪೋತ್ನಾಳದ ಗದ್ದೆಗಳ ನಡುವಿನ ಕೆಸರುದಾರಿಗೆ ಇಳಿದೆ.

ಮೊದಲ ದಿನ ಮಜ್ಜಿಗೆಯೆಲ್ಲ ಗಾಜಿಗೆ, ನನ್ನ ಸೀರೆಗೆ, ಚೀಲದ ಮೈಗೆ. ಕಮಾನು ಬಹಳ ಬಿರುಸಾಗಿತ್ತು. ಮಿಸ್ತ್ರಿಯ ಜೊತೆ ಜಗಳವಾಡಿ, ಅವನು ಸೇರಿಸಿದ ಪಟ್ಟಿಯನ್ನು ತೆಗೆಸಿದೆ. ಟೈರಿನ ಗಾಳಿ ಇಳಿಸಿದೆ. ಎರೆಮಣ್ಣು ಗಾಲಿಯ ಮೇಲಿನ ಸಂದಿಯಲ್ಲಿ ಮೆತ್ತಿಕೊಂಡು ಗಾಲಿಯನ್ನೇ ತಿರುಗಗೊಡಲಿಲ್ಲ, ಮಡ್‌ಗಾರ್ಡ್ ಇನ್ನಷ್ಟು ಕತ್ತರಿಸಬೇಕಾಯಿತು. ಮತ್ತೆ ಚೀಲ, ಮತ್ತೆ ಮಜ್ಜಿಗೆ. ಕೊನೆಗೊಂದು ಸಂಜೆ ತಂಬಿಗೆಯ ಬಾಯಷ್ಟೇ ಒದ್ದೆಯಾಗಿತ್ತು. ಉಳಿದ ಮಜ್ಜಿಗೆಯನ್ನು ನಾನೂ ಹಮಾಲನೂ ಪಾಲು ಮಾಡಿ ಕುಡಿದೆವು. ಜೀಪನ್ನು ದೇವಸುಗೂರಿನ ಗುಡಿಗೆ ಒಯ್ದು ಕಾಯಿ ಒಡೆಸಿದೆ, ಗಾಲಿಯಡಿ ನಿಂಬೆಹಣ್ಣು ಇಟ್ಟು ಹಾಯಿಸಿದೆ. ಇನ್ನೇನೂ ಉಳಿದಿಲ್ಲವೆಂದು ಎಷ್ಟು ಸಲ ಹೇಳಿಕೊಂಡರೂ ಫಿಕರು ಮಾತ್ರ ಬಿಡಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಜೀಪು ದೇವದುರ್ಗ ದಾಟಿ ಅಕ್ಕನ ಊರು ಸೇರಿತು. ಅಕ್ಕ ಇಳಕಲ್ ಸೀರೆಯುಟ್ಟು ಮನೆ ಮುಂದಿನ ಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಬುಟ್ಟಿ: ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಯ. ಕಟ್ಟೆಗೂ ಬೀದಿಗೂ ನಡುವೆ ನಲ್ಲಿ ಪೈಪಿಗೆಂದು ಅಗೆದು ಮುಚ್ಚದೆ ಬಿಟ್ಟ ತಗ್ಗು ಇತ್ತು. ಆದ್ದರಿಂದ ಜೀಪನ್ನು ಬೀದಿಯ ನಡುವೆಯೇ ನಿಲ್ಲಿಸಿದೆ. ಅಕ್ಕ ತಗ್ಗಿನ ಮೇಲಿನ ಹಾಸುಗಲ್ಲು ದಾಟಿ ಕೋಲೂರುತ್ತ ಬಂದು ಜೀಪಿನ ಮುಂದೆ ನಿಂತಳು.

ಜೀಪಿನ ನೆಲ ಅವಳ ಸೊಂಟಕ್ಕೆ ಬರುತ್ತಿತ್ತು.

ಕಾಲೆತ್ತಿದಳು. ಗೇಣು ಎತ್ತರಕ್ಕೆ ಹೋಗಿ ನಿಂತಿತು. ಇನ್ನೊಮ್ಮೆ ಎತ್ತಿದಳು. ಸ್ಟೂಲು ತಂದರು, ಅದು ಓಲಾಡಿತು, ಅವಳು ಬೆದರಿ ಹಿಂದೆ ಸರಿದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಇದರಾಗ ಯಾರನ್ನ ಹತ್ತಿಸಿ ನೋಡಿದ್ದಿ ಬೇ?"

"ಭತ್ತದ ಚೀಲ" ಅಂದೆ.

"ಚೀಲಕ್ಕ ಕಾಲದಾವೇನು?"

ಬೀದಿಯಲ್ಲಿ ನಿಂತವರೆಲ್ಲ ನಕ್ಕರು, ಅಕ್ಕ ನಗಲಿಲ್ಲ. ಮೈದುನ ಮುಂದೆ ಬಂದು, "ವೈನಿ, ಇಬ್ಬರು ರಟ್ಟಿ ಹಿಡದು ಎತ್ತಿದ್ರ..." ಎಂದು ಶುರು ಮಾಡಿದ. ಅವಳ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ. ಅಕ್ಕ ತಿರುಗಿ ಹೋಗಿ ಕಟ್ಟೆಯ ಮೇಲೆ ಕೂತು ಬುಟ್ಟಿಯನ್ನು ನನ್ನ ಕಡೆ ಸರಿಸಿದಳು. "ನೀನ ಒಯ್ದು ಚೆಲ್ಲು. ಆತು, ಮುಗೀತು."

ಮುಗಿಯಿತು ಅಂದರೆ ಹೊಲವೂ ಮುಗಿಯಿತು. ನನಗೆ ಬಂದ ಸಿಟ್ಟಿಗೆ ಲೆಕ್ಕವಿರಲಿಲ್ಲ. ಮಿಸ್ತ್ರಿಯ ಮೇಲೆ, ಹಮಾಲನ ಬಲದ ಮೇಲೆ, ಎಲ್ಲಕ್ಕಿಂತ ನನ್ನ ಮೇಲೆ. ಅಕ್ಕ ಕಾಲೆತ್ತಿ ಹತ್ತಬೇಕೆಂದು ಹೊಳೆಯದ ತಲೆ ಇದ್ದೇನು ಪ್ರಯೋಜನ! ಜೀಪು ಹತ್ತಿ, ಈ ದರಿದ್ರವನ್ನು ಕಣ್ಮುಂದಿನಿಂದ ತೆಗೆಯಬೇಕೆಂದು ರಿವರ್ಸ್ ಗೇರು ಹಾಕಿ ಒತ್ತಿದೆ. "ತಗ್ಗು! ತಗ್ಗು!" ಎಂದು ಜನ ಕೂಗುವಷ್ಟರಲ್ಲಿ ಎಡಗಡೆಯ ಗಾಲಿಗಳೆರಡೂ ತಗ್ಗಿಗೆ ಇಳಿದವು. ಜೀಪು ವಾಲಿ, ಕಟ್ಟೆಗೆ ಮೈ ಉಜ್ಜಿ ನಿಂತಿತು.

ಸ್ಟೇರಿಂಗಿನ ಮೇಲೆ ಹಣೆ ಇಟ್ಟೆ. ಆಗ ಪಕ್ಕದಲ್ಲಿ ಟಕ್ ಟಕ್ ಎಂದು ಸದ್ದಾಯಿತು. ಅಕ್ಕ ಕೂತಲ್ಲಿಂದಲೇ ಜೀಪಿನ ನೆಲವನ್ನು ಕೋಲಿನಿಂದ ತಟ್ಟಿ ನೋಡುತ್ತಿದ್ದಳು. ಕಟ್ಟೆಯೂ ಜೀಪಿನ ನೆಲವೂ ಒಂದೇ ಮಟ್ಟಕ್ಕೆ ಬಂದಿದ್ದವು.

"ಸುಮ್ನ ಕುಂದ್ರು, ಅಲ್ಲಾಡಬ್ಯಾಡ" ಅಂದಳು. ಎದ್ದು, ಅಡುಗೆಮನೆಯಿಂದ ಪಡಸಾಲೆಗೆ ಬರುವವಳಂತೆ ಒಂದು ಹೆಜ್ಜೆ ಒಳಗಿಟ್ಟು, ನಿಧಾನಕ್ಕೆ ಸೀಟಿನಲ್ಲಿ ಕೂತಳು. ಯಾರೂ ಅವಳನ್ನು ಮುಟ್ಟಲಿಲ್ಲ. "ಬುಟ್ಟಿ ಕೊಡ್ರಿ. ಹೊಡಿ ಇನ್ನ."

ನಾಲ್ಕು ಗಾಲಿಯ ಗೇರು ಹಾಕಿದೆ. ಒಂದು ಗಾಲಿ ಮಣ್ಣು ಎರಚಿತು, ಇನ್ನೊಂದು ಹಿಡಿಯಿತು, ಜೀಪು ಗೊಣಗುತ್ತ ತಗ್ಗಿನಿಂದ ಮೇಲೆದ್ದಿತು. ಹಳ್ಳದಲ್ಲಿ ಕಲ್ಲು ಹೊಟ್ಟೆಗೆ ತಾಗಲಿಲ್ಲ. ಕೆಸರಿನಲ್ಲಿ ಗಾಲಿ ಜಾರಿದಾಗೆಲ್ಲ ನಾನು ಅಕ್ಕನ ಮುಖ ನೋಡುವುದು, ಅವಳು "ದಾರಿ ನೋಡು" ಎಂದು ಬೈಯುವುದು. ನಡುವೆ ಎಂಜಿನ್ ಆರಿದರೆ ಮತ್ತೆ ಹತ್ತದೇ ಹೋದೀತೆಂಬ ಭಯ ನನಗೆ. ಮೈದುನ ನೀರಿನ ತಂಬಿಗೆ ಹಿಡಿದು ಗದ್ದೆಯ ಬದುವಿನ ಮೇಲೆ ಜೊತೆಗೇ ನಡೆದು ಬಂದ.

ಹೊಲದ ಅಂಚಿನಲ್ಲಿ ನಿಲ್ಲಿಸಿದೆ, ಎಂಜಿನ್ ಆರಿಸಲಿಲ್ಲ. ಅಕ್ಕ ಇಳಿಯುವಂತಿರಲಿಲ್ಲ. ಆದರೆ ಜೀಪಿನ ಎತ್ತರಕ್ಕೆ ಜೋಳದ ತೆನೆಗಳ ಮೇಲಿಂದ ಆಚೆ ಒಡ್ಡಿನವರೆಗೆ ಎಲ್ಲ ಕಾಣುತ್ತಿತ್ತು. ಜೀವನವಿಡೀ ತಲೆಗಿಂತ ಎತ್ತರದ ಜೋಳದೊಳಗೆ ನಡೆದವಳು, ಬೆಳೆ ನಿಂತಾಗ ಹೊಲದ ಆ ತುದಿಯನ್ನು ಅವಳು ಕಂಡದ್ದು ಅವತ್ತೇ. ನಾಲ್ಕೂ ಕಡೆ ಭತ್ತದ ನೀರು ಹೊಳೆಯುತ್ತಿತ್ತು, ನಡುವೆ ಅವಳ ಜೋಳ.

"ಇಷ್ಟೇ ಏನ್ ಬೇ ನನ್ನ ಹೊಲ?" ಅಂದಳು.

ನನ್ನ ಜೀವ ಹಾರಿಹೋಯಿತು. ತಂದದ್ದೇ ತಪ್ಪಾಯಿತೇನೋ, ಇಷ್ಟು ಸಣ್ಣದಕ್ಕೆ ಇಷ್ಟೆಲ್ಲ ಯಾಕೆ ಎಂದು ಈಗ ಬಿಟ್ಟೇ ಬಿಡುತ್ತಾಳೆ ಅನ್ನಿಸಿತು. ಮೈದುನ ಅತ್ತಿಗೆಯ ಕಡೆ ನೋಡದೆ ಕಾಲಿನ ಕೆಸರು ಒರೆಸಿಕೊಳ್ಳುತ್ತ ನಿಂತ.

ಅಕ್ಕ ಬುಟ್ಟಿಗೆ ಕೈ ಹಾಕಿದಳು. "ಹುಲ್ಲುಲ್ಲಿಗ್ಯೋ" ಎಂದು ಚರಗದ ಕೂಗು ಹಾಕಿ ಮೊದಲ ಹಿಡಿ ಬೀಸಿದಳು. ಮೈದುನ ತಡಮಾಡದೆ "ಚಲ್ಲಂಬ್ರಿಗ್ಯೋ" ಎಂದು ಓಗೊಟ್ಟು ಅದರ ಹಿಂದೆಯೇ ನೀರು ಚಿಮುಕಿಸಿದ. ನಾನು ದಾರಿಯುದ್ದಕ್ಕೂ ಆಮೆಯಂತೆ ಜೀಪು ನಡೆಸಿದೆ. ಕೂಗು, ಓಗೊಡುವುದು, ತೆನೆಗಳ ಮೇಲೆ ರೊಟ್ಟಿಚೂರು ಬೀಳುವ ಸದ್ದು. ದಾರಿ ಇಲ್ಲದ ಕಡೆಗೆ ಮೈದುನನೇ ಹೋಗಿ ಚೆಲ್ಲಿ ಬಂದ. ಬನ್ನಿಗಿಡದ ಹತ್ತಿರ ಬರುವಷ್ಟರಲ್ಲಿ ಬುಟ್ಟಿ ಬರಿದಾಗಿತ್ತು.

ಅಕ್ಕ ಸೆರಗಿಗೆ ಕೈ ಒರೆಸಿಕೊಂಡಳು. ಇನ್ನೊಮ್ಮೆ ಆ ತುದಿಯವರೆಗೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಬರೂ ಎಳ್ಳಮಾಸಿಗಿ ಬರೂಮುಂದ ಇದಕ್ಕೊಂದು ಮೆಟ್ಲಾ ಹಚ್ಚಿಸ್ಕೊಂಡು ಬಾ."

ಮೈದುನ "ಆತು ಬಿಡ್ರಿ ವೈನಿ" ಎಂದು, ತಂಬಿಗೆಯಲ್ಲಿ ಉಳಿದ ನೀರನ್ನು ಅವಳ ಕೈಗೆ ಹಾಕಿದ. ನಾನು ಎಂಜಿನ್ ಆರಿಸಿದೆ.