ಕಾಲುವೆಗೆ ಬಿಟ್ಟ ಟಿವಿ

ಟಿವಿಗೂ ಕದಗಳಿದ್ದ ಕಾಲ ಅದು. ನಮ್ಮ ಮನೆಯದಕ್ಕೆ ಮರದ ಪೆಟ್ಟಿಗೆ, ಎರಡು ಕಡೆಗೆ ಸರಿಯುವ ಕದ, ಕೆಳಗೆ ನಾಲ್ಕು ಕಾಲು. ಮದ್ದೂರು ಸೀಮೆಯ ಕೊಪ್ಪದ ಪಕ್ಕದ ನಮ್ಮ ಹಳ್ಳಿಯಲ್ಲಿ, ನಮ್ಮ ಬೀದಿಗೆ ಅದೊಂದೇ. ಭಾನುವಾರ ಸಾಯಂಕಾಲ ಪಡಸಾಲೆ ತುಂಬಿ, ಜಗುಲಿ ತುಂಬಿ, ಕಿಟಕಿಯ ಸರಳುಗಳಿಗೆ ಮಕ್ಕಳು ಜೋತುಬಿದ್ದಿರುತ್ತಿದ್ದರು. ಹುರಿದ ಅವರೆಕಾಳಿನ ವಾಸನೆ, ಹರಳೆಣ್ಣೆ ಹಚ್ಚಿದ ತಲೆಗಳ ವಾಸನೆ, ಅರ್ಧ ಗಂಟೆ ಆದಮೇಲೆ ಪೆಟ್ಟಿಗೆಯೊಳಗಿಂದ ಬರುವ ಬಿಸಿ ಧೂಳಿನ ವಾಸನೆ. ನಾನು ಹೆಂಚಿನ ಮೇಲೆ ಹತ್ತಿ ಆಂಟೆನಾ ತಿರುಗಿಸುತ್ತಿದ್ದೆ.

"ಬಂತಾ?"

"ಬಂದಿತ್ತು ಕಣ್ಲಾ, ನೀನೇ ಕಳದೆ."

ಎಷ್ಟೋ ಸಿನಿಮಾಗಳನ್ನು ನಾನು ಹೆಂಚಿನ ಮೇಲೆ ಕೂತು ಕೇಳಿದ್ದೇನೆ, ನೋಡಿಲ್ಲ.

ನಮ್ಮಜ್ಜಿಗೆ ಅದು ಅರ್ಧ ದೇವರು. ಪರದೆಯ ಮೇಲೆ ದೇವರು ಕಾಣಿಸಿಕೊಂಡರೆ ಊದುಬತ್ತಿ ಹಚ್ಚುತ್ತಿದ್ದಳು. ಆಯುಧಪೂಜೆಯ ದಿನ ನೇಗಿಲಿಗೆ, ಕುಡುಗೋಲಿಗೆ, ಸೈಕಲ್ಲಿಗೆ ಇಟ್ಟಂತೆ ಅದಕ್ಕೂ ವಿಭೂತಿ ಬಳಿದು ಅರಿಶಿನ ಕುಂಕುಮ ಇಡುತ್ತಿದ್ದಳು. ಕದದ ಸಂದಿಯಲ್ಲಿ ವರ್ಷವಿಡೀ ಆ ಕುಂಕುಮ ಉಳಿದಿರುತ್ತಿತ್ತು.

ನನಗೆ ಹನ್ನೆರಡು ತುಂಬಿದ ವರ್ಷ ಚಿತ್ರ ಕುಗ್ಗಿ ಕುಗ್ಗಿ ಒಂದು ಬಿಳಿ ಗೆರೆಯಾಯಿತು. ಮದ್ದೂರಿನ ರಿಪೇರಿಯವನು, "ಟ್ಯೂಬು ಓಗ್ಬುಟ್ಟದೆ, ಇನ್ನು ಆಸೆ ಬುಡಿ" ಅಂದ. ಅಪ್ಪ ಕಲರ್ ಟಿವಿ ತಂದ. ಹಳೆಯದು ಮೂಲೆ ಸೇರಿತು. ನಾಲೆಗೆ ನೀರು ಬಿಟ್ಟು ಊರೆಲ್ಲ ನಾಟಿಗೆ ಸಜ್ಜಾಗುತ್ತಿದ್ದಾಗ ಒಂದು ದಿನ ಗುಜರಿಯವನು ಸೈಕಲ್ಲಿನಲ್ಲಿ ಬಂದ. ಅಪ್ಪ ಆಲೆಮನೆಗೆ ಹೋಗಿದ್ದ. ಟಿವಿಗೆ ಬದಲು ಒಂದು ಪ್ಲಾಸ್ಟಿಕ್ ಬಕೆಟ್ಟು ಎಂದು ಅಜ್ಜಿಯ ಜೊತೆ ಮಾತಾಯಿತು. ಅವನು ಪೆಟ್ಟಿಗೆಯನ್ನು ಬಾಗಿಲಿಗೆ ಎಳೆದು, ಹಿಂದಿನ ಹಲಗೆ ಬಿಚ್ಚಿ ಸುತ್ತಿಗೆ ಎತ್ತಿದ.

"ಏನಯ್ಯ ಮಾಡ್ತಿದ್ದೀಯೆ?" ಅಜ್ಜಿ ಒಳಗಿಂದ ಬಂದಳು.

"ನಂಗೆ ಬೇಕಾಗಿರೋದು ತಾಮ್ರ ಕಣಜ್ಜಿ. ಗಾಜು ಒತ್ಕೊಂಡು ಓಗಿ ಏನ್ ಮಾಡ್ಲಿ? ಇಲ್ಲೇ ಒಡ್ದು ತಿಪ್ಪೆಗೆ ಆಕ್ತೀನಿ."

"ಅರಿಸ್ನ ಕುಂಕುಮ ಇಟ್ಟಿರೋ ವಸ್ತು. ನನ್ ಬಾಗ್ಲಲ್ಲೇ ಅದ್ರ ತಲೆ ಒಡೀತೀಯಾ? ಮಡಗು ಸುತ್ತಿಗೆಯ. ಅಳೇ ದೇವ್ರ ಪಟನ ನೀರಿಗೆ ಬುಡಲ್ವಾ, ಅಂಗೇ ಇದ್ನೂ ಬುಡ್ತೀವಿ."

ಅವನು ಬಕೆಟ್ಟನ್ನು ಮತ್ತೆ ಸೈಕಲ್ಲಿಗೆ ಕಟ್ಟುತ್ತಾ, "ಪಟ ನೀರಲ್ಲಿ ಕರಗ್ತದೆ ಕಣಜ್ಜಿ, ಇದು ಕರಗಾಕಿಲ್ಲ" ಅಂದ. ಆವತ್ತು ಅಲ್ಲಿ ಸರಿಯಾದ ಮಾತಾಡಿದವನು ಅವನೊಬ್ಬನೇ.

ದೊಡ್ಡ ನಾಲೆಗೆ ಇಳಿಯಕೂಡದೆಂದು ಅಪ್ಪನ ಕಟ್ಟಪ್ಪಣೆ ಇತ್ತು. ಹಾಗಾಗಿ ಗದ್ದೆಬಯಲಿನ ಕಾಲುವೆಯೇ ಆಗಲಿ ಎಂದಳು ಅಜ್ಜಿ. ಟಿವಿಯನ್ನು ಸೈಕಲ್ಲಿನ ಕ್ಯಾರಿಯರಿಗೆ ಬಿಗಿದು ನಾನು ತಳ್ಳಿದೆ. ಇಂಥ ದೊಡ್ಡ ಕೆಲಸ ನನಗೆ ಬಂತಲ್ಲ ಎಂಬ ಹೆಮ್ಮೆ. ಅಜ್ಜಿ ಕಣಗಲೆ ಹೂ ಹಿಡಿದು ಹಿಂದೆ ಬಂದಳು. ಕರ್ಪೂರ ಹಚ್ಚಿ, ಕೈಮುಗಿದು ನೀರಿಗಿಳಿಸಿದೆವು. ಗಣಪತಿಯಾಗಿದ್ದರೆ ಮುಳುಗುತ್ತಿದ್ದ. ನಮ್ಮ ಟಿವಿ ತೇಲಿತು. ಕದ ತೆರೆದುಕೊಂಡು, ತಲೆಯ ಮೇಲೆ ಹೂವಿಟ್ಟುಕೊಂಡು, ಬೀಗರ ಮನೆಗೆ ಹೊರಟಂತೆ ಹೋಯಿತು.

ತಿರುವು ದಾಟಿದ ಮೇಲೆ 'ಢಬ್' ಎಂದು ಸದ್ದು ಕೇಳಿಸಿತು.

ಓಡಿ ಹೋಗಿ ನೋಡಿದೆ. ಸಣ್ಣತಾಯಕ್ಕನ ಗದ್ದೆಯ ಮಡೆ, ಅಂದರೆ ಕಾಲುವೆಯಿಂದ ಗದ್ದೆಗೆ ನೀರು ಹೋಗುವ ಕಂಡಿ, ಅದರ ಬಾಯಲ್ಲಿ ನೀರು ತಿರುಗಿಸಲು ಚಪ್ಪಡಿ ಕಲ್ಲು ನಿಲ್ಲಿಸಿದ್ದರು. ಟಿವಿ ಅದಕ್ಕೆ ಬಡಿದು ಟ್ಯೂಬು ಸಿಡಿದಿತ್ತು. ಮರ, ತಂತಿ ಎಲ್ಲ ಎಳೆದು ದಡಕ್ಕೆ ಹಾಕಿದೆ. ಗಾಜು ಮಾತ್ರ ನೀರಿನ ಜೊತೆ ಗದ್ದೆಯೊಳಕ್ಕೆ ಹೋಗಿತ್ತು. ಗದ್ದೆ ಉತ್ತು, ಮಟ್ಟ ಹೊಡೆದು ಬೆಣ್ಣೆಯ ಹಾಗಿತ್ತು. ಮಾರನೇ ದಿನ ಬೆಳಿಗ್ಗೆ ಅಲ್ಲಿ ನಾಟಿ.

ಅಜ್ಜಿ ನಿಧಾನವಾಗಿ ಬಂದು ನೋಡಿದಳು. "ನೀರು ಎತ್ಲಾಗಾದ್ರೂ ತಗೊಂಡೋಯ್ತದೆ ಬುಡು" ಎಂದಳು. ಆದರೆ ನನ್ನ ಮುಖ ನೋಡಲಿಲ್ಲ.

ನಾಟಿಗೆ ಯಾರೂ ಚಪ್ಪಲಿ ಮೆಟ್ಟಿ ಇಳಿಯುವುದಿಲ್ಲ. ಹೆಂಗಸರೆಲ್ಲ ಬದುವಿನ ಮೇಲೆ ಸಾಲಾಗಿ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ ಬರಿಗಾಲಲ್ಲಿ ಇಳಿಯುತ್ತಾರೆ. ಆ ರಾತ್ರಿ ಮುದ್ದೆ ನುಂಗುವಾಗ ನನಗೆ ಆ ಕಾಲುಗಳೇ ಕಣ್ಣಮುಂದೆ. ಯಾರಿಗೂ ಹೇಳದೆ ಹೊತ್ತಿಗೆ ಮುಂಚೆ ಎದ್ದು ನಾನೇ ಆರಿಸಿಬಿಡುತ್ತೇನೆ ಎಂದುಕೊಂಡೆ. ಬೆಳಿಗ್ಗೆ ಮಂಕರಿ ಬುಟ್ಟಿ ಹಿಡಿದು ಹೋಗಿ ಕೆಸರಿಗೆ ಕೈಹಾಕಿದೆ. ಹತ್ತು ಚೂರು ಸಿಕ್ಕವು, ಇಪ್ಪತ್ತು ಸಿಕ್ಕವು. ಕೈಹಾಕಿದಷ್ಟೂ ಸಿಕ್ಕುತ್ತಲೇ ಇದ್ದವು. ಅಷ್ಟರಲ್ಲಿ ಬದುವಿನ ಮೇಲೆ ಮಾತು, ನಗು ಕೇಳಿಸಿತು. ಒಂಬತ್ತು ಜನ ಹೆಂಗಸರು. ಮುಂದೆ ಸಣ್ಣತಾಯಕ್ಕ. ಅವರು ಚಪ್ಪಲಿ ಬಿಡತೊಡಗಿದರು.

"ಯಾರೂ ಇಳೀಬ್ಯಾಡಿ" ಅಂದೆ.

"ಯಾಕ್ಲಾ? ನಿಮ್ಮಪ್ಪನ ಗದ್ದೇನಾ?" ಸಣ್ಣತಾಯಕ್ಕ ಸೊಂಟಕ್ಕೆ ಕೈಯಿಟ್ಟಳು.

ಟಿವಿ, ಕರ್ಪೂರ, ಕಲ್ಲು, ಎಲ್ಲ ಹೇಳಿದೆ. ಪೈರು ಕಿತ್ತು ಕಟ್ಟಿಟ್ಟಾಗಿತ್ತು. ಅದು ಬಹಳ ಕಾಯುವುದಿಲ್ಲ ಎಂದು ನನಗೂ ಗೊತ್ತಿತ್ತು. ಸಣ್ಣತಾಯಕ್ಕ ಮಂಕರಿಯೊಳಗೆ ಬಗ್ಗಿ ನೋಡಿದಳು.

"ನಿಮ್ಮಜ್ಜಿ ತಾನು ನೋಡಿದ್ದು ಸಾಲ್ದು ಅಂತ ನನ್ ಗದ್ದೆಗೂ ಟಿವಿ ಬುಟ್ಟವ್ಳಲ್ಲಾ" ಅಂದಳು. ಆಮೇಲೆ ಹೆಂಗಸರ ಕಡೆ ತಿರುಗಿ, "ಮಡೆ ಕಡೆಯಿಂದ ಬನ್ರಮ್ಮ. ಮೊದ್ಲು ಕೈ, ಆಮೇಲೆ ಕಾಲು" ಅಂದಳು.

ನೆಡಲು ಬಂದವರು ಸಾಲಾಗಿ ಕುಕ್ಕರಗಾಲಲ್ಲಿ ಕೂತು ಕೆಸರು ತಡವತೊಡಗಿದರು. ಆಮೇಲೆ ಒಬ್ಬಳು ಒಂದು ಚೂರು ಎತ್ತಿ ಹಿಡಿದಳು. "ನಂಗೆ ವಾರ್ತೆ ಓದೋಳು ಸಿಕ್ಕುದ್ಲು ಕಣಕ್ಕ."

"ಮಳೆ ಬತ್ತದಾ ಕೇಳು."

"ಮಾತಾಡ್ತಿಲ್ಲ. ಈ ಉಡ್ಗನ್ನೇ ಹೆಂಚಿನ ಮೇಲೆ ಅತ್ಸು, ಬತ್ತದೆ."

ನಾನೂ ನಕ್ಕುಬಿಟ್ಟೆ. ತಲೆ ಎತ್ತಿದರೆ ಸಾಲಿನ ಕೊನೆಯಲ್ಲಿ ಅಜ್ಜಿ. ಯಾವಾಗ ಬಂದಳೋ, ಸೀರೆ ಎತ್ತಿ ಕಟ್ಟಿ ಎಲ್ಲರ ಹಾಗೆ ಕೆಸರು ತಡವುತ್ತಿದ್ದಳು. ಸಣ್ಣತಾಯಕ್ಕ ತನ್ನ ಎಲೆಯಡಿಕೆ ಚೀಲವನ್ನು ಅವಳ ಕಡೆ ಎಸೆದಳು, ಅಷ್ಟೇ.

ಹೊತ್ತು ನೆತ್ತಿಗೆ ಬಂದಾಗ ಮಂಕರಿ ಅರ್ಧ ತುಂಬಿತ್ತು. ಬದುವಿನ ಮೇಲೆ ಕೂತು ಮುದ್ದೆ, ಹುರುಳಿಕಾಳಿನ ಸಾರು ಉಂಡು ನಾಟಿ ಶುರು ಮಾಡಿದರು. ಮಡೆಯ ಮೂಲೆಯ ಬಗ್ಗೆ ಮಾತ್ರ ಸಣ್ಣತಾಯಕ್ಕನಿಗೆ ನಂಬಿಕೆ ಬರಲಿಲ್ಲ. ಗಾಜು ಹೆಚ್ಚು ಬಿದ್ದದ್ದು ಅಲ್ಲೇ. "ಆ ಮೂಲೆ ಹಾಳು ಬೀಳ್ಲಿ" ಅಂದಳು.

"ಅದನ್ನ ನಾನು ನೆಡ್ತೀನಿ" ಅಂದೆ.

ಅವಳು ನನ್ನನ್ನು ಒಂದು ಗಳಿಗೆ ನೋಡಿ ಪೈರಿನ ಕಟ್ಟೊಂದನ್ನು ಎಸೆದಳು. "ನೆಡು. ನಿನ್ ಗಾಜು, ನಿನ್ ಕಾಲು."

ನೆಟ್ಟೆ. ಬಲಗಾಲಿನ ಹಿಮ್ಮಡಿಗೆ ಒಂದು ಚೂರು ಹೊಕ್ಕಿತು. ಸದ್ದು ಮಾಡದೆ ಕಿತ್ತು ಮಂಕರಿಗೆ ಹಾಕಿ, ಮೂಲೆ ಮುಗಿಸಿಯೇ ಎದ್ದೆ. ಗಾಜನ್ನೆಲ್ಲ ನಮ್ಮ ಹಿತ್ತಲಲ್ಲಿ ಆಳದ ಗುಂಡಿ ತೋಡಿ ಅಪ್ಪ ಮುಚ್ಚಿದ. ಅಜ್ಜಿ ಅದರ ಮೇಲೊಂದು ಕಲ್ಲು ನಿಲ್ಲಿಸಿದಳು, ಮುಂದೆ ಯಾರೂ ಅಗೆಯಬಾರದೆಂದು. ಮರುವರ್ಷ ನಾನು ಶಾಲೆ ಬಿಟ್ಟೆ. ಪುಸ್ತಕ ನನಗೆ ಹತ್ತಲಿಲ್ಲ, ಕೆಲಸ ಹತ್ತಿತು. ಆದರೆ ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಟ್ಟೆನೆಂದು ಹೇಳುವವರು ಈ ಬಯಲಲ್ಲಿ ಯಾರೂ ಇಲ್ಲ.

ಹೋದ ತಿಂಗಳು ಅಪ್ಪ ತಂದಿದ್ದ ಆ ಕಲರ್ ಟಿವಿಯನ್ನೂ ಅಟ್ಟದಿಂದ ಇಳಿಸಿದೆ. ಗುಜರಿ ಆಟೋ ಮೈಕು ಕೂಗಿಕೊಂಡು ಬಾಗಿಲಿಗೇ ಬಂದಿತ್ತು. "ಟ್ಯೂಬು ಏನ್ ಮಾಡ್ತೀಯಪ್ಪ?" ಅಂದೆ. "ಒಡ್ದು ಎಲ್ಲಾದ್ರೂ ಬಿಸಾಕ್ತೀವಿ ಬುಡಣ್ಣ" ಅಂದ. ಕೊಡಲಿಲ್ಲ. ವಿಚಾರಿಸಿದಾಗ, ಹಳೇ ಎಲೆಕ್ಟ್ರಿಕ್ ಸಾಮಾನನ್ನು ಒಡೆಯದೆ ತೆಗೆದುಕೊಳ್ಳುವವರು ಮಂಡ್ಯದಲ್ಲಿದ್ದಾರೆಂದು ತಿಳಿಯಿತು. ಗೋಣಿತಾಟು ಹಾಸಿ ಗಾಡಿಯಲ್ಲಿ ಮಲಗಿಸಿಕೊಂಡು ಹೋಗಿ ಕೊಟ್ಟು ಬಂದೆ. ನನ್ನ ಹೆಂಡತಿ, "ಬಾಣಂತಿ ಕರ್ಕೊಂಡೋದಂಗೆ ಓದ್ರಿ" ಎಂದು ನಕ್ಕಳು. ಹಿಮ್ಮಡಿಯ ಗಾಯದ ಗುರುತನ್ನು ಅವಳಿಗೆ ತೋರಿಸಿದ್ದು ಆವತ್ತೇ.

ಸಣ್ಣತಾಯಕ್ಕ ಈಗಿಲ್ಲ, ಅಜ್ಜಿಯೂ ಇಲ್ಲ. ಆ ಗದ್ದೆಯನ್ನು ನಾನೇ ಗುತ್ತಿಗೆಗೆ ಮಾಡುತ್ತಿದ್ದೇನೆ. ಈಗ ನಾಟಿಗೆ ಬರುವುದು ಮಿಷಿನ್ನು. ಬೆಳಿಗ್ಗೆ ಬಂದು ಮಧ್ಯಾಹ್ನಕ್ಕೆ ಹೋಗುತ್ತದೆ. ಅದಕ್ಕೆ ಗಾಜು ಚುಚ್ಚಿದರೆ ನೋಯುವುದಿಲ್ಲ, ಮಾತಿಲ್ಲ, ನಗುವಿಲ್ಲ, ಸಾರು ಕೇಳುವುದಿಲ್ಲ. ಆದರೆ ಮೂಲೆಗಳಿಗೆ ತಿರುಗಲು ಅದಕ್ಕೆ ಆಗುವುದಿಲ್ಲ. ಅವನ್ನು ಕೈಯಲ್ಲೇ ನೆಡಬೇಕು.

ಮಡೆಯ ಮೂಲೆಗೆ ಈಗಲೂ ನಾನೇ ಇಳಿಯುತ್ತೇನೆ. ಮೊದಲು ಕೈ, ಆಮೇಲೆ ಕಾಲು. ನೆಟ್ಟು ಸೊಂಟ ನೆಟ್ಟಗೆ ಮಾಡಿ ತಿರುಗಿ ನೋಡಿದರೆ, ಅಷ್ಟುದ್ದದ ಬದುವಿನ ಮೇಲೆ ಚಪ್ಪಲಿ ಒಂದೇ ಜೊತೆ.