ಕ್ಯಾರಿಯರ್ ಇಲ್ಲದ ಸೈಕಲ್ಲು

ಭಾನುವಾರ ನನ್ನ ಅಂಗಡಿಯ ಮುಂದೆ ಹಳೇ ಸೈಕಲ್ಲುಗಳ ಹುಚ್ಚರೆಲ್ಲ ಸೇರಿ ತಂತಮ್ಮ ಸಂಗ್ರಹದ ಬಡಾಯಿ ಕೊಚ್ಚುವಾಗ, ಎಲ್ಲರ ಬಾಯಿ ಮುಚ್ಚಿಸುವವರು ಗಡಿಯಾರ ರಿಪೇರಿಯ ಯಜಮಾನರು. ಅವರ ಮನೆಯಲ್ಲಿ ಕುರ್ಚಿಗಿಂತ ಸೈಕಲ್ಲೇ ಹೆಚ್ಚು. ನೆಂಟರು ಬಂದರೆ ಸೀಟಿನ ಮೇಲೇ ಕೂರಬೇಕು. ಯಜಮಾನರು ಗಾಲಿ ತಿರುಗಿಸಿಬಿಟ್ಟು, ಮಲಗಿದ ಮಗುವಿನ ಉಸಿರು ಕೇಳುವವರಂತೆ ಕಿವಿಗೊಡುತ್ತಾರೆ. ತುಳಿದದ್ದನ್ನು ಮಾತ್ರ ಯಾರೂ ಕಂಡಿಲ್ಲ. ಹ್ಯಾಂಡಲ್ಲಿಗೆ ಒರಗಿ ನಿಧಾನವಾಗಿ ತಳ್ಳಿಕೊಂಡೇ ಬರುತ್ತಾರೆ. ಆ ನಿಧಾನವನ್ನು ನಾವು ಗತ್ತು ಎಂದುಕೊಂಡಿದ್ದೆವು. “ಟೈರ್ ಸವೆಯುತ್ತೆ ಅಂತ ಭಯಾನಾ ಯಜಮಾನ್ರೇ?” ಎಂದು ಕಿಚಾಯಿಸಿದರೆ ನಕ್ಕು ಬೆಲ್ ಬಾರಿಸುತ್ತಾರೆ. ನನ್ನ ಅಂಗಡಿಯಲ್ಲಿ ಮಾರಾಟಕ್ಕಿಟ್ಟ ರೇಸ್ ಸೈಕಲ್ಲಿನ ಮುಂದೆ ವಾರವಾರವೂ ನಿಂತು ನಿಟ್ಟುಸಿರು ಬಿಡುತ್ತಾರೆ, ಕೊಳ್ಳುವುದಿಲ್ಲ. “ಕ್ಯಾರಿಯರ್ ಇಲ್ವಲ್ಲಪ್ಪಾ!” ರೇಸಿಗೆ ಕ್ಯಾರಿಯರ್ ಯಾಕೆಂದು ನಾನು ಗೊಣಗುತ್ತಿದ್ದೆ. ಮೊನ್ನೆ ಬೆಳಗ್ಗೆ ಇಳಿಜಾರು ರಸ್ತೆಯಲ್ಲಿ ಅವರ ಹೆಂಡತಿ ಸೈಕಲ್ ತುಳಿಯುತ್ತ ಬಂದರು. ಹಿಂದೆ ಕ್ಯಾರಿಯರ್ ಮೇಲೆ, ಮಡಚಲಾಗದ ಬಲಗಾಲನ್ನು ನೇರ ಚಾಚಿ, ಕಣ್ಣು ಮುಚ್ಚಿ ಕೂತಿದ್ದವರು ನಮ್ಮ ಯಜಮಾನರು! “ಇನ್ನೂ ಜೋರು ಕಣೇ, ಇದಕ್ಕಿನ್ನೂ ಓಟ ಇದೆ!” “ಮಾತು ಸಾಕು, ಗಟ್ಟಿಯಾಗಿ ಹಿಡ್ಕೊಳ್ರೀ!” ಇಷ್ಟು ವರ್ಷ ಸೈಕಲ್ ಮಾರಿದ ನಾನು, ಸವಾರಿ ಅಂದರೇನೆಂದು ನೋಡಿದ್ದು ಅಂದೇ. ಅಂಗಡಿಗೆ ಬಂದವನೇ ರೇಸ್ ಸೈಕಲ್ಲಿಗೆ ಕ್ಯಾರಿಯರ್ ಬಿಗಿದೆ. ಒಳ್ಳೇ ಸೈಕಲ್ ಕೆಡಿಸಿದೆ ಎಂದು ಹುಚ್ಚರೆಲ್ಲ ಬೈದರು. ಯಜಮಾನರು ಮಾತ್ರ ಕ್ಯಾರಿಯರ್ ಮೇಲೆ ಮೆಲ್ಲಗೆ ಕೈಯಾಡಿಸಿ, “ಇರಪ್ಪಾ, ಅವಳನ್ನ ಕರ್ಕೊಂಡ್ ಬರ್ತೀನಿ” ಎಂದರು.